ರಿಸೀವರ್‌ನಲ್ಲಿ ಶಕುನಿಯನ್ನು ಹುಡುಕುವುದು

ಕಂಪ್ಯೂಟರಿನಲ್ಲಿರುವ ಹಾಡನ್ನು ಹಾಲ್‌ನ ದೊಡ್ಡ ಸ್ಪೀಕರ್‌ಗಳಲ್ಲಿ ಕೇಳಬೇಕು ಎಂದರೆ ತುಮಕೂರಿನ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ವಿಚಾರಿಸಿದರೂ ಸಿಗುವ ಉತ್ತರ ಒಂದೇ: "ಬ್ಲೂಟೂತ್ ಇದೆಯಲ್ಲ ಮೇಡಂ." ಇದೆ, ಇಲ್ಲವೆಂದವರು ಯಾರು? ಆದರೆ ಆ ಉತ್ತರದ ಹಿಂದೆ ಒಂದು ನಂಬಿಕೆ ಕೂತಿದೆ. ಹಾಡು ಎಂದರೆ ಫೋನಿನಲ್ಲಿ ಹೆಸರು ಹೇಳಿದ ಕೂಡಲೇ ಎಲ್ಲಿಂದಲೋ ಇಳಿದು ಬರುವಂಥದ್ದು, ಅದನ್ನು ಮನೆಯಲ್ಲಿ ಕೂಡಿಟ್ಟುಕೊಳ್ಳುವವರು ಈಗ ಯಾರೂ ಇಲ್ಲ ಎಂಬ ನಂಬಿಕೆ. ಸಿನಿಮಾ ಹಾಡಿನ ಮಟ್ಟಿಗೆ ಅದು ಸರಿ. ನಾನೂ ತಿಂಗಳ ಚಂದಾ ಕಟ್ಟಿ ಕೇಳುವವಳೇ. ನಮ್ಮ ಹಾರ್ಡ್ ಡಿಸ್ಕಿನಲ್ಲಿ ಇರುವುದನ್ನು ಮಾತ್ರ ಯಾವ ಕಂಪನಿಯೂ ಚಂದಾ ಪಡೆದು ಕಳುಹಿಸುವುದಿಲ್ಲ. ಅದು ದೊಡ್ಡಪ್ಪನ ನಾಟಕಗಳು.

ತುಮಕೂರು ಜಿಲ್ಲೆಯವರಿಗೆ ಪೌರಾಣಿಕ ನಾಟಕದ ಬಗ್ಗೆ ವಿವರಿಸಬೇಕಾಗಿಲ್ಲ. ಹೊರಗಿನವರಿಗಾಗಿ ನಾಲ್ಕು ಮಾತು: ಸುಗ್ಗಿ ಮುಗಿದ ಮೇಲೆ, ಜಾತ್ರೆಯ ಆಸುಪಾಸಿನಲ್ಲಿ, ಊರಿನ ರೈತರು, ಅಂಗಡಿಯವರು, ಶಾಲೆಯ ಮೇಷ್ಟ್ರು ಎಲ್ಲರೂ ಸೇರಿ ತಿಂಗಳುಗಟ್ಟಲೆ ತಾಲೀಮು ಮಾಡಿ ರಾತ್ರಿಯಿಡೀ ಆಡುವ ನಾಟಕ ಇದು. ಪಾತ್ರ ಮಾಡಿದವನೇ ಹಾಡಬೇಕು. ಕಂದಪದ್ಯವನ್ನು ಎಳೆದು ಎಳೆದು ಹಾಡಿ ಮಾತಿಗೆ ಇಳಿಯಬೇಕು. ಹಾರ್ಮೋನಿಯಂ ಮೇಷ್ಟ್ರು ವೇದಿಕೆಯ ಮಗ್ಗುಲಲ್ಲಿ ಕುಳಿತು, ಶ್ರುತಿ ತಪ್ಪಿದ ದುರ್ಯೋಧನನನ್ನು ಕಣ್ಣಲ್ಲೇ ಗದರಿಸುತ್ತಾ, ಬೆಳಗಿನ ಜಾವದವರೆಗೆ ಇಡೀ ಆಟವನ್ನು ದಡ ಸೇರಿಸುತ್ತಾರೆ. ಪದ್ಯ ಕುದುರಿದರೆ ಜನರು ‘ವನ್ಸ್ ಮೋರ್’ ಎಂದು ಕೂಗುತ್ತಾರೆ, ಸತ್ತು ಬಿದ್ದ ವೀರನೂ ಎದ್ದು ಮತ್ತೊಮ್ಮೆ ಹಾಡಿ ಮತ್ತೆ ಸಾಯುತ್ತಾನೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ನಾಟಕ ಕಂಪನಿಯ ಊರು ನಮ್ಮಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರ. ಕಂಪನಿ ನಾಟಕದ ರುಚಿ ಈ ಸೀಮೆಯ ಹಳ್ಳಿಗಳಿಗೆ ಹತ್ತಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ದೊಡ್ಡಪ್ಪ ಆಗ ಹಗಲು ಹೊತ್ತು ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಕೆಲಸಗಾರರಾಗಿದ್ದರು, ಊರಿಗೆ ಹೋದರೆ ಶಕುನಿ. ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಸೇರಿದ ಟೂ-ಇನ್-ಒನ್ ಒಂದು ಅವರಿಗಿತ್ತು. ತಮ್ಮ ಪಾತ್ರವಿರಲಿ ಇಲ್ಲದಿರಲಿ, ಸುತ್ತಲ ಊರುಗಳ ನಾಟಕಗಳನ್ನು ತೊಂಬತ್ತು ನಿಮಿಷದ ಕ್ಯಾಸೆಟ್‌ಗಳಿಗೆ ತುಂಬಿಸಿಕೊಳ್ಳುತ್ತಿದ್ದರು. ಈಗ ಅವರು ನಮ್ಮೊಂದಿಗೆ ಸೋಮೇಶ್ವರಪುರಂನ ಮನೆಯಲ್ಲಿದ್ದಾರೆ, ಅವರ ಕ್ಯಾಸೆಟ್‌ಗಳು ನನ್ನ ಕಂಪ್ಯೂಟರಿನಲ್ಲಿವೆ. ಧ್ವನಿಯನ್ನು ಪಡೆದು ಸ್ಪೀಕರ್‌ಗಳಿಗೆ ಹಂಚುವ ರಿಸೀವರ್ ಎಂಬ ಪೆಟ್ಟಿಗೆ ಮತ್ತು ಐದು ಸ್ಪೀಕರ್‌ಗಳು ನನ್ನ ಯಜಮಾನರ ಕ್ರಿಕೆಟ್ ಹುಚ್ಚಿನಿಂದ ಬಂದವು. ಈ ಮೂರನ್ನು ಒಂದುಗೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಭೌತಶಾಸ್ತ್ರ ಪಾಠ ಹೇಳುವವಳಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಂಥದ್ದೇ.

ಕ್ಯಾಸೆಟ್ ಇಳಿಸಿಕೊಳ್ಳುವ ಭಾಗ ಬೇಗ ಹೇಳಿ ಮುಗಿಸುತ್ತೇನೆ. ಒಳ್ಳೆಯ ಕ್ಯಾಸೆಟ್ ಡೆಕ್ ಒಂದರ ಧ್ವನಿ ಹೊರಬರುವ ತೂತಿನಿಂದ (ಲೈನ್ ಔಟ್) ಕಂಪ್ಯೂಟರಿಗೆ ತಂತಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶ, ಸಿಡಿಯ ಅಳತೆಯಾದ 44.1 ಕಿಲೋಹರ್ಟ್ಸ್, 16 ಬಿಟ್: ಅಂದರೆ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿಡುವುದು. ಈ ಅಳತೆಯಲ್ಲಿ ಸ್ಟೀರಿಯೋ ಧ್ವನಿ ನಿಮಿಷಕ್ಕೆ ಹತ್ತು ಎಂಬಿಗಿಂತ ತುಸು ಹೆಚ್ಚು ಜಾಗ ತಿನ್ನುತ್ತದೆ. ಗಂಟೆಗೆ ಸುಮಾರು 635 ಎಂಬಿ. ಅದನ್ನು ಫ್ಲ್ಯಾಕ್ ಮಾದರಿಗೆ ಬದಲಿಸಿದರೆ ಒಂದು ಬಿಟ್ಟೂ ಕಳೆಯದೆ ಗಾತ್ರ ಇಳಿಯುತ್ತದೆ. 2001ರಿಂದ ಬಳಕೆಯಲ್ಲಿರುವ ಮಾದರಿ ಇದು, ಯಾರಿಗೂ ಹಣ ಕೊಡಬೇಕಾಗಿಲ್ಲ. ಸ್ಟುಡಿಯೋದ ಶುಚಿಯಾದ ಧ್ವನಿಮುದ್ರಣವಾದರೆ ಅರ್ಧಕ್ಕರ್ಧ ಇಳಿಯುವುದುಂಟು. ದೊಡ್ಡಪ್ಪನ ಕ್ಯಾಸೆಟ್‌ಗಳು ಅಷ್ಟು ಇಳಿಯಲಿಲ್ಲ, ಏಕೆಂದರೆ ಅವುಗಳ ತುಂಬ ಟೇಪಿನ ‘ಸ್ಸ್’ ಸದ್ದು. ಕ್ರಮವಿರುವುದನ್ನು ಮಡಚಿಡಬಹುದು, ಕ್ರಮವೇ ಇಲ್ಲದ ಸದ್ದನ್ನು ಮಡಚಲು ಯಾವ ಗಣಿತಕ್ಕೂ ಹಿಡಿ ಸಿಗುವುದಿಲ್ಲ.

ಎಂಪಿ3 ಏಕಾಗಬಾರದು ಎಂದು ತಮ್ಮ ಕೇಳಿದ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಎಂಜಿನಿಯರುಗಳು ರೂಪಿಸಿದ ಆ ಮಾದರಿಯ ಜಾಣತನವೇ ಬೇರೆ. ದೊಡ್ಡ ಸದ್ದಿನ ಪಕ್ಕದಲ್ಲಿರುವ ಸಣ್ಣ ಸದ್ದು ಮನುಷ್ಯನ ಕಿವಿಗೆ ಕೇಳುವುದಿಲ್ಲ, ಆದ್ದರಿಂದ ಅದನ್ನು ಬಿಸಾಡಬಹುದು ಎಂಬುದು ಅದರ ತರ್ಕ. ಹೆಚ್ಚಿನ ಬಿಟ್‌ರೇಟಿನಲ್ಲಿ, ಅಂದರೆ ಸೆಕೆಂಡಿಗೆ 256 ಅಥವಾ 320 ಕಿಲೋಬಿಟ್‌ನಲ್ಲಿ, ಸಿಡಿಗೂ ಅದಕ್ಕೂ ವ್ಯತ್ಯಾಸ ಹಿಡಿಯುವುದು ಬಹುತೇಕರಿಗೆ ಕಷ್ಟ. ನನಗಂತೂ ಆಗದು. ಆದರೆ ಹಳೆಯ ಮೆಮೊರಿ ಕಾರ್ಡುಗಳಲ್ಲಿ ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳವರು ತುಂಬಿಸಿಕೊಡುತ್ತಿದ್ದಂಥ 64 ಕಿಲೋಬಿಟ್ ಫೈಲ್‌ಗಳಲ್ಲಿ ತಂಬೂರಿಯ ನಾದ ನೀರಿನೊಳಗಿಂದ ಬಂದಂತೆ ಅಲುಗಾಡುತ್ತದೆ. ಎಂಪಿ3ಗೆ ತೀರಾ ಕಷ್ಟದ ಸದ್ದುಗಳಲ್ಲಿ ಒಂದು ಯಾವುದು ಗೊತ್ತೇ? ಚಪ್ಪಾಳೆ. ಸಾವಿರ ಕೈಗಳ ಬೇರೆ ಬೇರೆ ಕ್ಷಣದ ಬಡಿತವನ್ನು ಕಡಿಮೆ ಬಿಟ್‌ಗಳಲ್ಲಿ ಹಿಡಿಯಲು ಹೋಗಿ ಅದು ಎಲ್ಲವನ್ನೂ ಕಲಸಿಬಿಡುತ್ತದೆ. ಹಳ್ಳಿಯ ನಾಟಕ ಎಂದರೆ ಅರ್ಧ ಚಪ್ಪಾಳೆ, ಕಾಲು ಶಿಳ್ಳೆ. ಅದಕ್ಕೇ ಫ್ಲ್ಯಾಕ್. ಹಾಗೆಂದು ಮೊದಲೇ ಎಂಪಿ3 ಆಗಿ ಬಂದದ್ದನ್ನು ಫ್ಲ್ಯಾಕ್‌ಗೆ ಬದಲಿಸುವ ಆಸೆ ಬೇಡ. ನೀರು ಮಜ್ಜಿಗೆಯನ್ನು ದೊಡ್ಡ ಕೊಡಕ್ಕೆ ಸುರಿದರೆ ಅದು ಮೊಸರಾಗುವುದಿಲ್ಲ.

ಇನ್ನು 96 ಕಿಲೋಹರ್ಟ್ಸ್, 24 ಬಿಟ್ ಎಂದು ರಿಸೀವರ್‌ನ ಡಬ್ಬಿಯ ಮೇಲೆ ಹೊಳೆಯುವ ಚೀಟಿ. ಚಿಕ್ಕ ಮಕ್ಕಳ ಕಿವಿ 20 ಕಿಲೋಹರ್ಟ್ಸ್‌ವರೆಗೆ ಕೇಳಿದರೆ ಹೆಚ್ಚು. ಅಷ್ಟನ್ನು ಹಿಡಿಯಲು ಅದರ ಎರಡರಷ್ಟು ಬಾರಿ ಅಳೆದರಾಯಿತು, 44.1 ಸಾಕು. ವಯಸ್ಸಾದಂತೆ ಮೇಲಿನ ಸ್ವರಗಳು ಒಂದೊಂದಾಗಿ ಕಿವಿಯಿಂದ ಇಳಿದುಹೋಗುತ್ತವೆ. ಟೂ-ಇನ್-ಒನ್‌ನ ಪುಟ್ಟ ಮೈಕ್ ಹಿಡಿದದ್ದೇ ಕಡಿಮೆ, ಕೇಳುವ ದೊಡ್ಡಪ್ಪನ ವಯಸ್ಸು ಎಪ್ಪತ್ತು ದಾಟಿದೆ. ಯಾರಿಗಾಗಿ 96?

ಈಗ ಅಂಗಡಿಯವರ ಬ್ಲೂಟೂತ್‌ಗೆ ಬರೋಣ. ಬ್ಲೂಟೂತ್ ಧ್ವನಿಯನ್ನು ಇದ್ದಂತೆ ಸಾಗಿಸುವುದಿಲ್ಲ. ದಾರಿಯಲ್ಲಿ ತನ್ನದೇ ಒಂದು ಸಂಕೋಚನ ಮಾಡುತ್ತದೆ. ಎಲ್ಲ ಸಾಧನಗಳಿಗೂ ಕಡ್ಡಾಯವಾದ ಎಸ್‌ಬಿಸಿ ಎಂಬ ವಿಧಾನದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 328 ಕಿಲೋಬಿಟ್ ಮೇಲ್ಮಿತಿ. ಸಿಡಿ ಧ್ವನಿಗೆ ಬೇಕಾದದ್ದು 1,411. ಇದು ಕಿವಿಗೆ ಅಷ್ಟೇನೂ ತಿಳಿಯದಿರಬಹುದು. ತಿಳಿಯುವುದು ಬೇರೆ: ಫೋನಿನಿಂದ ನುಡಿಸಿದರೆ ಶಕುನಿ ದಾಳ ಉರುಳಿಸುವ ಹೊತ್ತಿಗೆ ಸರಿಯಾಗಿ ನಾದಿನಿಯ ವಾಟ್ಸ್ಆ್ಯಪ್ ಸಂದೇಶದ ಟಿಂಗ್ ಸದ್ದು ಹಾಲ್ ನಡುಗುವಂತೆ ಬರುತ್ತದೆ. ಫೋನ್ ಎತ್ತಿಕೊಂಡು ಹಿತ್ತಲಿಗೆ ಹೋದರೆ ನಾಟಕವೂ ಹಿತ್ತಲಿಗೆ ಹೊರಟು ನಡುಮನೆಯ ಗೋಡೆಯಲ್ಲಿ ಹರಿದುಹೋಗುತ್ತದೆ.

ತಂತಿಯೇ ವಾಸಿ ಎಂದು ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ರಿಸೀವರ್‌ನ ಕೆಂಪು–ಬಿಳಿ ತೂತುಗಳಿಗೆ ತಂತಿ ಹಾಕಿದರೆ ಮೊದಲು ಕೇಳುವುದು ಹಾಡಲ್ಲ, ‘ಗುಂಯ್’ ಎಂಬ ನಾದ. ಲ್ಯಾಪ್‌ಟಾಪ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ರಿಸೀವರ್ ಇನ್ನೊಂದು ಗೋಡೆಯ ಪ್ಲಗ್ಗಿನಲ್ಲಿ, ಎರಡರ ಅರ್ಥಿಂಗ್ ನಡುವೆ ಅಲ್ಪಸ್ವಲ್ಪ ವ್ಯತ್ಯಾಸ. ಆ ವ್ಯತ್ಯಾಸವನ್ನು ಸರಿದೂಗಿಸಲು ಹಾಡು ಸಾಗುವ ತಂತಿಯ ಮೇಲೆಯೇ ಕರೆಂಟು ಹರಿಯುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಮಿಡಿಯುವುದರಿಂದ ಈ ಗುಂಗು 50, 100, 150 ಹರ್ಟ್ಸ್‌ಗಳಲ್ಲಿ ಕೇಳುತ್ತದೆ. ಇದರಲ್ಲಿ ಒಂದು ಸೊಗಸಿದೆ. ಈಗಿನ ಪ್ರಮಾಣಕ್ಕೆ ಶ್ರುತಿ ಮಾಡಿದ ಹಾರ್ಮೋನಿಯಂನಲ್ಲಿ ‘ಬಿಳಿ ಒಂದು’ ಸುಮಾರು 131 ಹರ್ಟ್ಸ್. ಅದನ್ನು ಷಡ್ಜವಾಗಿ ಹಿಡಿದರೆ ಕೆಳಗಿನ ಪಂಚಮ 98. ನಮ್ಮ ಕರೆಂಟಿನ 100 ಹರ್ಟ್ಸ್ ಅದರ ಪಕ್ಕದಲ್ಲೇ, ಸ್ವಲ್ಪ ಏರಿ ನಿಂತಿದೆ. ಅಂದರೆ ಬಿಳಿ ಒಂದರಲ್ಲಿ ಹಾಡುವವರ ಹಿಂದೆ ನಮ್ಮ ವಿದ್ಯುತ್ತು ಸದಾ ಶ್ರುತಿ ತಪ್ಪಿದ ಪಂಚಮವನ್ನು ಮೀಟುತ್ತಿರುತ್ತದೆ. ದೊಡ್ಡಪ್ಪ ಇದನ್ನು ನನ್ನ ಲೆಕ್ಕಕ್ಕೆ ಮುಂಚೆಯೇ ಹಿಡಿದರು. "ಹಿಂದೆ ಯಾರೋ ಪಂಚಮ ತಪ್ಪು ಹಿಡಿದಿದ್ದಾರಲ್ಲಮ್ಮ" ಎಂದರು. ನಾನು ಟೇಪಿನಲ್ಲಿದ್ದ ಸದ್ದೆಂದು ವಾದ ಹೂಡಲಿಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ, ಪಂಚಮ ನಿಂತಿತು.

ಇದಕ್ಕೆ ನಮ್ಮ ಕಡೆಯ ಎಲೆಕ್ಟ್ರಿಷಿಯನ್‌ಗಳಲ್ಲಿ ಕೆಲವರು ಹೇಳುವ ಮದ್ದು ಪ್ಲಗ್ಗಿನ ಮೂರನೆಯ ಪಿನ್ ಮುರಿದುಹಾಕುವುದು. ಗುಂಗು ಹೋಗುತ್ತದೆ, ಜೊತೆಗೆ ಜೀವ ಕಾಯುವ ತಂತಿಯೂ ಹೋಗುತ್ತದೆ. ಎರಡೂ ಪ್ಲಗ್ಗುಗಳನ್ನು ಒಂದೇ ಬೋರ್ಡಿಗೆ ತರುವುದು ಸರಿಯಾದ ಮೊದಲ ಹೆಜ್ಜೆ. ಅದಕ್ಕೂ ಜಗ್ಗದಿದ್ದರೆ ನಡುವೆ ಎರಡರ ವಿದ್ಯುತ್ ನಂಟು ಕಡಿಯುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್, ಇಲ್ಲವೇ ಆಪ್ಟಿಕಲ್ ತಂತಿ. ಈ ಕೊನೆಯದು ನನಗೆ ಬಲು ಇಷ್ಟ. ತೋಷಿಬಾ ಕಂಪನಿ 1983ರಲ್ಲಿ ತಂದ ಈ ತಂತಿಯಲ್ಲಿ ವಿದ್ಯುತ್ತೇ ಹರಿಯುವುದಿಲ್ಲ, ಹರಿಯುವುದು ಕೆಂಪು ಬೆಳಕು. ತುದಿ ಕಿತ್ತು ಅಂಗೈ ಮೇಲೆ ಹಿಡಿದರೆ ಹಾಡು ಕೆಂಪು ಚುಕ್ಕೆಯಾಗಿ ಕಾಣುತ್ತದೆ. ಬೆಳಕಿಗೆ ಅರ್ಥಿಂಗ್ ಜಗಳವಿಲ್ಲ. ಆದರೆ ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಆ ತೂತು ಬರುವುದೇ ಅಪರೂಪ, ಆದ್ದರಿಂದ ಯುಎಸ್‌ಬಿಯಿಂದ ಆಪ್ಟಿಕಲ್‌ಗೆ ಬದಲಿಸುವ ಚಿಕ್ಕ ಪೆಟ್ಟಿಗೆಯೊಂದನ್ನು ಕೊಳ್ಳಬೇಕಾಗುತ್ತದೆ.

ಎಚ್‌ಡಿಎಂಐ ತಂತಿಯೂ ಇದೆ. ಅದರಲ್ಲಿ ಹಾಡು ಸಂಖ್ಯೆಗಳಾಗಿಯೇ ರಿಸೀವರ್ ತಲುಪುತ್ತದೆ, ಸಂಖ್ಯೆಯನ್ನು ಧ್ವನಿಯಾಗಿಸುವ ಕೆಲಸ ಅಲ್ಲಿನ ಒಳ್ಳೆಯ ಚಿಪ್‌ಗೆ ಬೀಳುತ್ತದೆ. ಲೆಕ್ಕಕ್ಕೆ ಸರಿಯೇ. ಆದರೆ ಕಂಪ್ಯೂಟರ್ ರಿಸೀವರನ್ನು ಟಿವಿ ಎಂದು ತಿಳಿದುಕೊಂಡು ಪರದೆಯ ಅರ್ಧವನ್ನು ಅತ್ತ ಕಳುಹಿಸುತ್ತದೆ. ರಿಸೀವರ್ ಆರಿಸಿದರೆ ತೆರೆದಿಟ್ಟ ಕಿಟಕಿಗಳೆಲ್ಲ ಹಾರಿ ಎಲ್ಲೆಲ್ಲೋ ಹೋಗಿ ಕೂರುತ್ತವೆ. ಜೊತೆಗೆ ವಿಂಡೋಸ್ ತನ್ನ ಎಲ್ಲ ಸದ್ದುಗಳನ್ನೂ ಒಂದೇ ಹದಕ್ಕೆ ಬೆರೆಸಿ ಕಳುಹಿಸುವುದರಿಂದ, 44.1ರ ಹಾಡು ದಾರಿಯಲ್ಲಿ 48 ಆಗಿರುತ್ತದೆ. ಇದು ಕೇಳಿಸದಿರಬಹುದು, ಆದರೆ ಬ್ಯಾಟರಿ ಇಳಿದ ಎಚ್ಚರಿಕೆಯ ಸದ್ದು ದ್ರೌಪದಿಯ ಮೊರೆಯ ನಡುವೆ ಸ್ಪಷ್ಟವಾಗಿ ಕೇಳಿಸುತ್ತದೆ.

ಹೀಗೆ ಒಂದೊಂದನ್ನೇ ದಾಟಿ ನಾನು ನಿಂತದ್ದು ಮನೆಯ ನೆಟ್‌ವರ್ಕಿನಲ್ಲಿ. ರಿಸೀವರ್‌ಗೆ ಹಿಂಬದಿಯಲ್ಲಿ ನೆಟ್‌ವರ್ಕ್ ತಂತಿ ಚುಚ್ಚುವ ಲ್ಯಾನ್ ತೂತು ಇರುತ್ತದೆ. ಬಹುತೇಕರ ಮನೆಯಲ್ಲಿ ಅದಕ್ಕೆ ಧೂಳು ಬಿಟ್ಟರೆ ಬೇರೇನೂ ತಾಗಿರುವುದಿಲ್ಲ. ಮನೆಯ ಸಾಧನಗಳು ಹಾಡು, ಚಿತ್ರಗಳನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳಲೆಂದು ಮಾಡಿದ ಡಿಎಲ್‌ಎನ್‌ಎ ಎಂಬ ಒಪ್ಪಂದ 2003ರಲ್ಲಿ ಸೋನಿ, ಇಂಟೆಲ್ ಮೊದಲಾದವರು ಸೇರಿ ಶುರು ಮಾಡಿದ್ದು. ಆ ಕೂಟ 2017ರಲ್ಲಿ ಬಾಗಿಲು ಹಾಕಿತು, ಆದರೆ ಅದರ ಭಾಷೆ ಸಾಧನಗಳಲ್ಲಿ ಇನ್ನೂ ಉಳಿದಿದೆ. ಅದರಲ್ಲಿ ಮೂವರು ಪಾತ್ರಧಾರಿಗಳು: ಹಾಡುಗಳನ್ನು ಇಟ್ಟುಕೊಂಡವನು, ನುಡಿಸುವವನು, ‘ಇದನ್ನು ನುಡಿಸು’ ಎಂದು ಹೇಳುವವನು. ಮೂವರೂ ಬೇರೆ ಬೇರೆ ಸಾಧನಗಳಾಗಿರಬಹುದು. ನಮ್ಮಲ್ಲಿ ಇಟ್ಟುಕೊಂಡಿರುವುದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್. ಕೆಲವೇ ವ್ಯಾಟ್ ವಿದ್ಯುತ್ತು ಕುಡಿದು ಹಗಲಿರುಳು ಬಿದ್ದಿರುತ್ತದೆ. ಅದರ ಬೆನ್ನಿಗೆ ಹಾರ್ಡ್ ಡಿಸ್ಕ್. ಸೆಕೆಂಡಿಗೆ 1.4 ಮೆಗಾಬಿಟ್ ಹಾಡಿಗೆ ಯಾವ ವೈಫೈ ಆದರೂ ಸಾಕು ಎನ್ನುತ್ತದೆ ಲೆಕ್ಕ. ನಮ್ಮ ಹಳೆಯ ಮನೆಯ ಕಲ್ಲಿನ ಗೋಡೆಗೆ ಆ ಲೆಕ್ಕ ಗೊತ್ತಿಲ್ಲವಾದ್ದರಿಂದ ಕಿಟಕಿಯ ಸಂದಿಯಲ್ಲಿ ಲ್ಯಾನ್ ತಂತಿ ಎಳೆದೆ. ಕರೆಂಟು ಹೋಗಿ ಬಂದಾಗ ರಿಸೀವರ್ ಮೊದಲು ಎದ್ದು, ಪೈ ಇನ್ನೂ ಏಳುವಷ್ಟರಲ್ಲಿ ‘ಏನೂ ಇಲ್ಲ’ ಎಂದು ತೋರಿಸಿಬಿಡುತ್ತಿತ್ತು. ಪೈ ಮತ್ತು ರೌಟರ್ ಎರಡನ್ನೂ ಯುಪಿಎಸ್‌ಗೆ ಸೇರಿಸಿದ ಮೇಲೆ ಆ ರಗಳೆ ತಪ್ಪಿತು.

ಇಲ್ಲಿಗೆ ಸದ್ದಿನ ಸಮಸ್ಯೆ ಮುಗಿಯಿತು. ಯಂತ್ರದ ಹುಚ್ಚಿನವರು ಬರೆಯುವುದೂ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ನಿಜವಾದ ತೊಡಕು ಇಲ್ಲಿಂದ ಶುರು.

ದೊಡ್ಡಪ್ಪ ರಿಮೋಟ್ ಹಿಡಿದು ರಿಸೀವರ್‌ನ ಮುಂಬದಿಯ ನೀಲಿ ಪಟ್ಟಿಯನ್ನು ನೋಡಿದರು. ಬಾಣದ ಗುಂಡಿ ಒತ್ತಿದರು. ಮತ್ತೆ ಒತ್ತಿದರು. "ಇದರೊಳಗೆ ನಾನು ಎಲ್ಲಿದ್ದೇನಮ್ಮ?" ಎಂದು ಕೇಳಿದರು.

ಪಟ್ಟಿಯಲ್ಲಿ ಏನೂ ಇರಲಿಲ್ಲ. ಫೈಲ್‌ಗಳಿದ್ದವು, ಹೆಸರುಗಳಿರಲಿಲ್ಲ. ನಾನು ಎಲ್ಲವನ್ನೂ ಕನ್ನಡದಲ್ಲಿ ಹೆಸರಿಸಿದ್ದೆ, ರಿಸೀವರ್‌ನ ಆ ಚುಕ್ಕೆ ಪರದೆಗೆ ರೋಮನ್ ಅಕ್ಷರ ಬಿಟ್ಟು ಬೇರೇನೂ ಬರುವುದಿಲ್ಲ. ಕನ್ನಡ ಬಂದ ಕಡೆ ಖಾಲಿ ಬಿಡುತ್ತದೆ. ಟಿವಿಯಲ್ಲಿ ಅದರ ಮೆನು ತೆರೆದರೆ ಖಾಲಿಯ ಬದಲು ಸಾಲು ಸಾಲು ಚೌಕಗಳು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಗೆ ಕನ್ನಡ ಸೇರಿದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ. ಸಾವಿರಾರು ರೂಪಾಯಿಯ ರಿಸೀವರ್‌ನೊಳಗೆ ಒಂದು ಕನ್ನಡ ಫಾಂಟ್ ಇಡಲು ತಯಾರಕರಿಗೆ ಇನ್ನೂ ಜಾಗ ಸಿಕ್ಕಿಲ್ಲ. ಹತ್ತು ಸಾವಿರದ ಫೋನಿನಲ್ಲಿ ಇರುವುದು ಇದರಲ್ಲಿ ಇರಬಾರದೇ ಎಂಬ ಪ್ರಶ್ನೆಯನ್ನು ಅಂಗಡಿಯಲ್ಲಿ ಕೇಳಿ ನೋಡಿ, ಅವರು ಮತ್ತೆ ಬ್ಲೂಟೂತ್ ಎನ್ನುತ್ತಾರೆ.

ರೋಮನ್‌ನಲ್ಲೇ ಬರೆದುಬಿಡಬಹುದಿತ್ತು. ಸಂಗೀತ ಸಂಗ್ರಹಿಸುವ ನನ್ನ ಸ್ನೇಹಿತೆ ಹಾಗೆಯೇ ಮಾಡಿದ್ದಾಳೆ. ಅವಳ ಡಿಸ್ಕಿನಲ್ಲಿ ತೋಡಿ ರಾಗ ಮೂರು ಕಾಗುಣಿತದಲ್ಲಿ ಮೂರು ಕಡೆ ಕೂತಿದೆ, ಒಂದರಲ್ಲಿ ಟಿ ಪಕ್ಕ ಎಚ್, ಇನ್ನೊಂದರಲ್ಲಿ ಇಲ್ಲ. ಅದಕ್ಕಿಂತ ಮುಖ್ಯವಾಗಿ ದೊಡ್ಡಪ್ಪ ಇಂಗ್ಲಿಷ್ ಅಕ್ಷರ ಓದಬಲ್ಲರು, ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕಂದಪದ್ಯದ ಮೊದಲ ಸಾಲನ್ನು ಓದಲಾರರು. ನಾನೂ ಓದಲಾರೆ. ಹ್ರಸ್ವ ದೀರ್ಘ ಯಾವುದು ಎಂದು ತಿಳಿಯದೆ ಗಣ ಹಾಕುವುದು ಹೇಗೆ?

ಪರಿಹಾರ ಆ ಮೂರನೆಯ ಪಾತ್ರಧಾರಿಯ ಬಳಿ ಇತ್ತು. ‘ಇದನ್ನು ನುಡಿಸು’ ಎಂದು ಹೇಳುವವನು ರಿಸೀವರ್‌ನ ರಿಮೋಟೇ ಆಗಬೇಕೆಂದಿಲ್ಲ. ಫೋನಿನಲ್ಲಿ ಅಂಥ ಆ್ಯಪ್‌ಗಳಿವೆ, ಫೋನಿನಲ್ಲಿ ಕನ್ನಡವಿದೆ. ಹಾಡು ಫೋನಿನ ಮೂಲಕ ಹಾಯುವುದಿಲ್ಲ, ಪೈಯಿಂದ ನೇರವಾಗಿ ರಿಸೀವರ್‌ಗೆ ಹೋಗುತ್ತದೆ. ಫೋನ್ ಬೆರಳು ತೋರಿಸುತ್ತದೆ, ಅಷ್ಟೇ. ಟಿಂಗ್ ಸದ್ದಿಲ್ಲ, ಹಿತ್ತಲಿಗೆ ಹೋದರೆ ಹರಿಯುವುದಿಲ್ಲ. ದೊಡ್ಡಪ್ಪನಿಗೆ ಒಂದು ಹಳೆಯ ಫೋನನ್ನು ಅದಕ್ಕೇ ಮೀಸಲಿಟ್ಟು ಕೊಟ್ಟೆ. ಸಿಮ್ ಇಲ್ಲ, ವಾಟ್ಸ್ಆ್ಯಪ್ ಇಲ್ಲ, ಅಕ್ಷರಗಳು ದೊಡ್ಡವು.

ಆಮೇಲೂ ಕೆಲಸ ಉಳಿದೇ ಇತ್ತು. ಕೆಲವು ಕ್ಯಾಸೆಟ್‌ಗಳನ್ನು ಹಿಂದೆ ಯಾರೋ ಅಂಗಡಿಯಲ್ಲಿ ಸಿಡಿಗೆ ಬದಲಿಸಿಕೊಟ್ಟಿದ್ದರು. ಅವರು ಹೆಸರುಗಳನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದಾರೆ. ಯೂನಿಕೋಡ್‌ಗೆ ಮುಂಚಿನ ಆ ಫಾಂಟುಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುತ್ತಿದ್ದುದು ರೋಮನ್ ಸಂಕೇತಗಳನ್ನು. ಕನ್ನಡವಾಗಿ ಕಾಣುತ್ತಿದ್ದುದು ಆ ಫಾಂಟು ಇದ್ದಾಗ ಮಾತ್ರ. ಫಾಂಟು ಹೋದ ಮೇಲೆ ಭೀಮಸೇನನ ಹೆಸರು ಟೋಪಿ ಹಾಕಿದ ‘ಎ’ಗಳು, ಬಾಲ ಬಂದ ‘ಸಿ’ಗಳು. ವಿಚಿತ್ರವೆಂದರೆ ರಿಸೀವರ್ ಇವುಗಳನ್ನು ಮಾತ್ರ ನಿಷ್ಠೆಯಿಂದ ತೋರಿಸುತ್ತಿತ್ತು. ಪರಿವರ್ತಕ ತಂತ್ರಾಂಶದಿಂದ ಇವನ್ನು ಯೂನಿಕೋಡ್‌ಗೆ ತಂದದ್ದಾಯಿತು.

ಇನ್ನೊಂದು ಕಣ್ಣಿಗೆ ಕಾಣದ ಶತ್ರು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ ಕಾರದ ಕೆಳಗೆ ಕ ಒತ್ತು ಬೀಳದಿರಲೆಂದು ನಡುವೆ ಒಂದು ಅಗೋಚರ ಚಿಹ್ನೆ ಹಾಕುತ್ತೇವೆ. ಬಹಳಷ್ಟು ಕೀಬೋರ್ಡುಗಳಲ್ಲಿ ಅದಕ್ಕೊಂದು ಕೀಲಿ ಇದೆ. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ, ಕೆಲವರು ಎರಡು ಬಾರಿ ಒತ್ತಿರುತ್ತಾರೆ. ಕಂಪ್ಯೂಟರಿಗೆ ಇವು ಮೂವರು ಬೇರೆ ಬೇರೆ ಗಾಯಕರು. ಹುಡುಕಿದರೆ ಒಬ್ಬರು ಸಿಕ್ಕಿ ಇಬ್ಬರು ಮರೆಯಾಗುತ್ತಾರೆ. ಫೈಲ್‌ನ ಹೆಸರಿನ ಉದ್ದಕ್ಕೂ ಮಿತಿ ಇದೆ: ಪೈಯನ್ನು ನಡೆಸುವ ಲಿನಕ್ಸ್ ತಂತ್ರಾಂಶದಲ್ಲಿ 255 ಬೈಟ್. ಇಂಗ್ಲಿಷಿನವರಿಗೆ ಅದು 255 ಅಕ್ಷರ. ಯೂನಿಕೋಡ್ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಕಾಗುಣಿತ, ಒತ್ತು, ಹಲಂತ ಎಲ್ಲವೂ ಬೇರೆ ಬೇರೆ ಎಣಿಕೆ. ಆದ್ದರಿಂದ ನಮಗೆ 85 ಚಿಹ್ನೆ ದಕ್ಕುತ್ತವೆ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಅದರಲ್ಲಿ ಆರು ಹೋಗುತ್ತವೆ. ಪದ್ಯದ ಮೊದಲ ಸಾಲಿನ ಜೊತೆ ಊರು, ವರ್ಷ, ಪಾತ್ರ ಎಲ್ಲವನ್ನೂ ಹೆಸರಿಗೆ ತುರುಕಲು ಹೊರಟರೆ ಜಾಗ ಬೇಗ ಮುಗಿಯುತ್ತದೆ.

ಹಾಗಾದರೆ ಆ ವಿವರಗಳನ್ನು ಫೈಲ್‌ನೊಳಗೇ ಅಂಟಿಸುವ ಚೀಟಿಗಳಲ್ಲಿ, ಅಂದರೆ ಟ್ಯಾಗ್‌ಗಳಲ್ಲಿ ಇಡಬೇಕು. ಟ್ಯಾಗ್ ಎಂಬ ವ್ಯವಸ್ಥೆ ಹುಟ್ಟಿದ್ದು ಗಾಯಕ, ಆಲ್ಬಮ್, ಹಾಡು, ವರ್ಷ ಎಂಬ ಲೆಕ್ಕದಲ್ಲಿ. ಸಿನಿಮಾ ಹಾಡಿಗೆ ಆಲ್ಬಮ್ ಜಾಗದಲ್ಲಿ ಸಿನಿಮಾ ಹೆಸರು ಕೂರಿಸಿ ಹೇಗೋ ಸಾಗಿಸುತ್ತೇವೆ, ಅಲ್ಲೂ ಸಾಹಿತ್ಯ ಬರೆದವರಿಗೆ ಜಾಗ ಹುಡುಕಬೇಕು. ದಾಸರ ಪದವಾದರೆ ಗಾಯಕನ ಜಾಗದಲ್ಲಿ ಪುರಂದರದಾಸರು ಕೂರಬೇಕೋ ಹಾಡಿದವರು ಕೂರಬೇಕೋ ಎಂದು ಒಬ್ಬೊಬ್ಬರದು ಒಂದೊಂದು ಪಂಥ. ಹಳ್ಳಿಯ ನಾಟಕಕ್ಕೆ? ಹಾಡಿದವನು ಒಬ್ಬ, ಅವನ ಪಾತ್ರ ಇನ್ನೊಂದು, ಕಲಿಸಿದವರು ಹಾರ್ಮೋನಿಯಂ ಮೇಷ್ಟ್ರು, ಖರ್ಚು ಕೊಟ್ಟವನು ದುರ್ಯೋಧನ. ಫ್ಲ್ಯಾಕ್‌ನಲ್ಲಿ ನಮಗೆ ಬೇಕಾದ ಟ್ಯಾಗ್‌ಗಳನ್ನು ನಾವೇ ಹುಟ್ಟಿಸಿಕೊಳ್ಳಬಹುದು: ಊರು, ಪಾತ್ರ, ಮೇಷ್ಟ್ರು. ಟ್ಯಾಗಿನ ಹೆಸರು ರೋಮನ್‌ನಲ್ಲಿರಬೇಕು, ಒಳಗೆ ತುಂಬುವುದು ಕನ್ನಡದಲ್ಲಿರಬಹುದು. ಎಲ್ಲವನ್ನೂ ತುಂಬಿದೆ. ನುಡಿಸುವ ಆ್ಯಪ್‌ಗಳು ಅವುಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಆದರೂ ಅವು ಫೈಲ್‌ನೊಳಗೆ ಇರಲಿ. ನಾಳೆ ನೋಡುವ ಆ್ಯಪ್ ಬಂದೀತು. ಇವತ್ತಿನ ಬಳಕೆಗೆ ನಾನು ಹಳೆಯ ದಾರಿಯನ್ನೇ ಹಿಡಿದೆ, ಫೋಲ್ಡರಿನೊಳಗೆ ಫೋಲ್ಡರ್.

ಆ ಫೋಲ್ಡರುಗಳ ಕ್ರಮವನ್ನು ಹೇಳಿದವರು ದೊಡ್ಡಪ್ಪ. ನನ್ನ ಮನಸ್ಸಿನಲ್ಲಿದ್ದುದು ವರ್ಷವಾರು. ಅವರಿಗೆ ವರ್ಷ ನೆನಪಿಲ್ಲ. ನೆನಪಿರುವುದು ಊರು, ಆ ಊರಿನಲ್ಲಿ ಆ ಸಲ ದುರ್ಯೋಧನ ಯಾರು, ರಾತ್ರಿಯ ಯಾವ ಹೊತ್ತಿಗೆ ಆ ಪದ್ಯ. ಆದ್ದರಿಂದ ಮೊದಲು ಊರು, ಅದರೊಳಗೆ ದುರ್ಯೋಧನನ ಮನೆತನದ ಹೆಸರು, ಅದರೊಳಗೆ ‘ಊಟದ ಹೊತ್ತು’, ‘ನಡುರಾತ್ರಿ’, ‘ಕೋಳಿ ಕೂಗುವ ಮುನ್ನ’. ಹಾರ್ಮೋನಿಯಂ ಕೇಳಿದರೆ ಯಾವ ಮೇಷ್ಟ್ರು ಎಂದು ಹೇಳಬಲ್ಲರು. ಒಂದು ಕ್ಯಾಸೆಟ್‌ಗೆ ಮೇಲೆ ಚೀಟಿಯೇ ಇರಲಿಲ್ಲ. ಕೃಷ್ಣನ ಮಾತಿನ ನಡುವೆ ಹಿಂದಿನಿಂದ ಯಾರೋ ಕಡಲೆಕಾಯಿ ಮಾರುವ ಕೂಗು ಕೇಳಿ ಅದು ಯಾವ ಊರಿನ ಜಾತ್ರೆ ಎಂದು ಹೇಳಿಬಿಟ್ಟರು. ಆ ಕೂಗು ಎಂಪಿ3ಯ ತರ್ಕದಲ್ಲಿ ದೊಡ್ಡ ಸದ್ದಿನ ಪಕ್ಕದ ಸಣ್ಣ ಸದ್ದು.

ಇನ್ನು ಹಾಲ್‌ನ ಸಂಗತಿ. ರಿಸೀವರ್‌ಗೆ ಸಿನಿಮಾ ಮೋಡ್ ಹಾಕಿದ್ದರೆ ಅದು ಎರಡು ಚಾನೆಲ್‌ನ ಧ್ವನಿಯನ್ನು ಐದು ಸ್ಪೀಕರ್‌ಗೆ ಹಂಚಲು ನೋಡುತ್ತದೆ. ಎಡ ಬಲ ಎರಡರಲ್ಲೂ ಒಂದೇ ಧ್ವನಿ ಇದ್ದರೆ ಅದು ಸಿನಿಮಾದ ಸಂಭಾಷಣೆ ಎಂದು ತೀರ್ಮಾನಿಸಿ ನಡುವಿನ ಸ್ಪೀಕರ್‌ಗೆ ಕಳುಹಿಸುತ್ತದೆ. ದೊಡ್ಡಪ್ಪನ ಟೇಪುಗಳು ಒಂದೇ ಮೈಕಿನವು. ಹೀಗಾಗಿ ಇಡೀ ಕೌರವ ಸಭೆ ಟಿವಿಯ ಕೆಳಗಿನ ಪುಟ್ಟ ಪೆಟ್ಟಿಗೆಯೊಳಗೆ ನೆರೆದಿತ್ತು, ದೊಡ್ಡ ಸ್ಪೀಕರ್‌ಗಳೆರಡೂ ದ್ವಾರಪಾಲಕರಂತೆ ಸುಮ್ಮನೆ ನಿಂತಿದ್ದವು. ‘ಡೈರೆಕ್ಟ್’ ಎಂಬ ಗುಂಡಿ ಇದಕ್ಕೆ ಮದ್ದು. ಟೈಲ್ಸ್ ನೆಲ, ಬರಿಗೋಡೆ, ಎತ್ತರದ ಛಾವಣಿ ಇರುವ ನಮ್ಮ ಹಾಲ್‌ನಲ್ಲಿ ಮಾತು ಪ್ರತಿಧ್ವನಿಸಿ ಕಲೆಸಿಹೋಗುತ್ತಿತ್ತು. ಮದುವೆಗೆಂದು ತಂದಿದ್ದ ಜಮಖಾನವನ್ನು ಅಟ್ಟದಿಂದ ಇಳಿಸಿ ಹಾಸಿದೆ, ಕಿಟಕಿಗಳಿಗೆ ದಪ್ಪ ಪರದೆ ಹಾಕಿದೆ. ರಿಸೀವರ್ ಕೊಂಡಾಗ ಆದದ್ದಕ್ಕಿಂತ ಹೆಚ್ಚು ವ್ಯತ್ಯಾಸ ಅದರಿಂದ ಆಯಿತು, ನನ್ನ ಯಜಮಾನರು ಇದನ್ನು ಒಪ್ಪುವುದಿಲ್ಲ.

ದೊಡ್ಡಪ್ಪನ ತಕರಾರು ಬೇರೆಯದು. ಕ್ಯಾಸೆಟ್‌ನ ಒಂದು ಮಗ್ಗುಲು ಮುಗಿದು ಇನ್ನೊಂದು ಶುರುವಾಗುವಲ್ಲಿ ರಿಸೀವರ್ ಎರಡು ಫೈಲ್‌ಗಳ ನಡುವೆ ಒಂದು ಕ್ಷಣ ತಡೆಯುತ್ತದೆ. ಟೇಪು ತಿರುಗಿಸುವಾಗ ಕಳೆದ ಸಾಲುಗಳನ್ನು ಯಾರೂ ತರಲಾರರು, ಆದರೆ ಈ ತಡೆ ಅವರಿಗೆ ಹಿಡಿಸದು. ರಾತ್ರಿ ನಾಟಕದಲ್ಲಿ ಸದ್ದು ನಿಂತರೆ ಜನರು ಎದ್ದು ಹೋಗುತ್ತಾರಂತೆ. ಹೀಗಾಗಿ ಒಂದೊಂದು ರಾತ್ರಿಯನ್ನೂ ಒಂದೇ ಉದ್ದದ ಫೈಲ್ ಮಾಡಿ, ಬಿಡಿ ಪದ್ಯಗಳನ್ನು ಬೇರೆಯಾಗಿಯೂ ಇಟ್ಟೆ. ಏಳು ಗಂಟೆಯ ನಾಟಕ ಸಂಕೋಚನವಿಲ್ಲದ ವೇವ್ ಮಾದರಿಯಲ್ಲಿ 4.4 ಜಿಬಿ, ಆ ಮಾದರಿಗೇ 4 ಜಿಬಿಯ ಮಿತಿ ಇರುವುದರಿಂದ ಉದ್ದದ ಫೈಲ್‌ಗೂ ಫ್ಲ್ಯಾಕೇ ಗತಿ.

ಡಿಸ್ಕ್ ಎಂಬುದು ಒಂದಲ್ಲ ಒಂದು ದಿನ ಕೈಕೊಡುವ ವಸ್ತು, ಕ್ಯಾಸೆಟ್‌ಗಳೋ ಒಂದೊಂದಾಗಿ ಬೂಷ್ಟು ಹಿಡಿಯುತ್ತಿವೆ. ಎಲ್ಲದರ ಎರಡನೆಯ ಪ್ರತಿಯನ್ನು ತಿಪಟೂರಿನ ತಮ್ಮನ ಮನೆಯಲ್ಲಿ ಇಟ್ಟಿದ್ದೇನೆ. ಅವನು ಅದನ್ನು ಬೀರುವಿನಲ್ಲಿಡುವ ಬದಲು ನೇರವಾಗಿ ತನ್ನ ರಿಸೀವರ್‌ನ ಯುಎಸ್‌ಬಿ ತೂತಿಗೆ ಚುಚ್ಚಿ, ಏನೂ ಕಾಣುತ್ತಿಲ್ಲ ಅಕ್ಕ ಎಂದು ಫೋನ್ ಮಾಡಿದ. ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಕ್ರಮಗಳು ಹಲವು; ನಮ್ಮ ಡಿಸ್ಕ್ ಎನ್‌ಟಿಎಫ್‌ಎಸ್ ಎಂಬ ಕ್ರಮದಲ್ಲಿದೆ, ಅವನ ರಿಸೀವರ್ ಫ್ಯಾಟ್32 ಎಂಬುದನ್ನು ಬಿಟ್ಟು ಬೇರೆ ಓದುವುದಿಲ್ಲ. ಸಣ್ಣದೊಂದು ಪೆನ್ ಡ್ರೈವನ್ನು ಫ್ಯಾಟ್32ಕ್ಕೆ ತಂದು, ಬಿಡಿ ಪದ್ಯಗಳನ್ನು ಮಾತ್ರ ಅದಕ್ಕೆ ಹಾಕಿಕೊಡುತ್ತೇನೆ ಎಂದೆ. ಅಲ್ಲಿಯೂ ಪರದೆಯಲ್ಲಿ ಹೆಸರುಗಳು ಖಾಲಿಯೇ ಕಾಣುವುದರಿಂದ, ಪ್ರತಿ ಫೈಲ್‌ನ ಮುಂದೆ ಒಂದೊಂದು ಅಂಕಿ ಹಾಕಿ, ಯಾವ ಅಂಕಿಗೆ ಯಾರ ಪದ್ಯ ಎಂದು ಕಾಗದದ ಮೇಲೆ ಬರೆಯುವ ಕೆಲಸವನ್ನು ದೊಡ್ಡಪ್ಪ ವಹಿಸಿಕೊಂಡಿದ್ದಾರೆ. ಶಕುನಿಗೆ ಒಂದನೆಯ ಅಂಕಿ ಕೊಟ್ಟುಕೊಂಡಿದ್ದಾರೆ. ದುರ್ಯೋಧನನ ಪಾತ್ರ ಮಾಡಿದ್ದವರ ಮಗ ತಿಪಟೂರಿನಲ್ಲೇ ಇರುವುದರಿಂದ ಅದನ್ನು ಬದಲಿಸಬೇಕೇ ಎಂಬ ಚರ್ಚೆ ನಡೆಯುತ್ತಿದೆ.